ಕಾಲುದಾರಿಯ ಮೇಲಿನ ಕುರ್ಚಿಗಳು

ತಮ್ಮ ಹೋದನೆಂಬ ಸುದ್ದಿ ಬಂದಾಗ ಅಕ್ಕ ಅವನ ಪಾಲಿನ ಊಟಕ್ಕೆ ತಟ್ಟೆ ಮುಚ್ಚಿಡುತ್ತಿದ್ದಳು. ಪಕ್ಕದ ಮನೆಯವನು ರಸ್ತೆ ಬದಿಯ ಕಾಲುದಾರಿಯ ತುಂಬ ಇಟ್ಟಿಗೆ ಪೇರಿಸಿದ್ದ. ಅದನ್ನು ಸುತ್ತಿ ಹೋಗಲು ರಸ್ತೆಗಿಳಿದ ತಮ್ಮನ ಮೇಲೆ ವ್ಯಾನು ಹರಿದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೀಗ ರಿಪೇರಿ ಮಾಡುತ್ತಿದ್ದ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ‘ಪೊರಕೆ ಸಾಹೇಬ’. ಮನೆ ಮುಂದಿನ ಕಾಲುದಾರಿ ಮನೆಯೊಡೆಯನ ಹೊಣೆ ಎಂಬ ನಿಯಮ ಊರಿಗೆಲ್ಲ ಇತ್ತು, ಪಾಲಿಸುತ್ತಿದ್ದವನು ಅವನೊಬ್ಬನೇ. ವರ್ಷವಿಡೀ ಸೆಕೆಯ ಆ ಊರಿನಲ್ಲಿ ಮನೆ ಮುಂದಿನ ಅತ್ತಿಮರ ಹಣ್ಣುದುರಿಸದ ದಿನವಿರಲಿಲ್ಲ. ಉದುರಿದ ಹಣ್ಣು ತುಳಿದು ಯಾರಾದರೂ ಜಾರಿಯಾರೆಂದು ಬೆಳಗಾಗುತ್ತಲೇ ಗುಡಿಸಿ, ಅಂಟು ಹೋಗುವ ತನಕ ನೀರು ಹಾಕಿ ತಿಕ್ಕುತ್ತಿದ್ದ. “ಅರಮನೆ ಅಂಗಳ ತೊಳೆದಾಯ್ತಾ ಸಾಹೇಬ್ರೇ?” ಎಂದು ಕಾಲೆಳೆದರೆ, “ಆಯ್ತು, ತಾವು ಪಾದ ಬೆಳೆಸಬಹುದು ದೊರೆ” ಎನ್ನುತ್ತಿದ್ದ.

ದೇಹ ಬರುವ ಮೊದಲೇ ಜನ ಬಂದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಪ್ಪ ಬಾಡಿಗೆ ಕುರ್ಚಿ ತರಿಸಿ ಕಾಲುದಾರಿಯ ಉದ್ದಕ್ಕೂ ಹಾಕಿಸಿದ. ಹೊಸ್ತಿಲಲ್ಲಿ ಕುಳಿತ ಅಕ್ಕ ಮಂಕಾಗಿ ನೋಡುತ್ತಿದ್ದಳು. ಕೋಲೂರಿಕೊಂಡು ಬಂದ ಮುದುಕಿಯೊಬ್ಬಳು ಕುರ್ಚಿಗಳೆದುರು ನಿಂತಳು. ಸಾವಿನ ಮನೆಗೆ ಬಂದವರನ್ನು ಏಳಿಸುವುದು ಹೇಗೆಂದು ಮುಜುಗರಪಟ್ಟು, ಒಂದು ಕಾಲನ್ನು ರಸ್ತೆಗೆ ಇಳಿಸಿದಳು.

ಅಕ್ಕ ದಡಕ್ಕನೆ ಎದ್ದಳು. ಓಡಿಹೋಗಿ ಮುದುಕಿಯ ರಟ್ಟೆ ಹಿಡಿದು ಮೇಲೆಳೆದುಕೊಂಡಳು.

“ಚಿಕ್ಕಪ್ಪಾ, ಕುರ್ಚಿ ತೆಗೆಸಿ.”

“ಹುಚ್ಚೇನೇ ನಿಂಗೆ? ಬಂದೋರು ಎಲ್ಲಿ ಕೂರ್ಬೇಕು, ನನ್ನ ತಲೆ ಮೇಲಾ?”

“ನಿಂತ್ಕೊಳ್ಲಿ. ಅವನ ಹೆಸರಲ್ಲಿ ಇನ್ನೊಬ್ಬರು ರಸ್ತೆಗೆ ಇಳಿಯೋದು ಬೇಡ.”

“ಜನ ಏನಂತಾರೆ?”

“ಅವನು ಇದ್ದಾಗಲೂ ಅಂತಿದ್ರಲ್ಲ.”

ತಾನೇ ಒಂದು ಕುರ್ಚಿ ಎತ್ತಿಕೊಂಡಳು. ಕೂತವರು ಒಬ್ಬೊಬ್ಬರಾಗಿ ಎದ್ದರು. ತಲೆ ತಗ್ಗಿಸಿ ಹಿಂದೆ ನಿಂತಿದ್ದ ಪಕ್ಕದ ಮನೆಯವನು ಹತ್ತಿರ ಬಂದ. “ಅಕ್ಕಾ, ನಾಳೆ ಕೆಲಸದವರು ಬರ್ತಾರೆ, ಇಟ್ಟಿಗೆ ಎಲ್ಲಾ ತೆಗೆಸಿ...”

“ನನ್ನ ತಮ್ಮ ಬೇಡ್ಕೊಂಡಾಗಲೂ ನೀನು ನಾಳೆ ಅಂತಾನೇ ಅಂದಿದ್ದೆ, ಅಲ್ವೇನಪ್ಪಾ?”

ಅವನು ತಿರುಗಿ ಇಟ್ಟಿಗೆ ರಾಶಿಯತ್ತ ಹೋದ. ಬಗ್ಗಿ, ಇಟ್ಟಿಗೆಗಳನ್ನು ಬರಿಗೈಯಲ್ಲಿ ತನ್ನ ಅಂಗಳಕ್ಕೆ ಹೊರತೊಡಗಿದ. ಅವಳು ಬೇಡವೆನ್ನಲಿಲ್ಲ, ಸಾಕೆಂದೂ ಅನ್ನಲಿಲ್ಲ. ಕ್ಷಮಿಸುವಷ್ಟು ಶಕ್ತಿ ಅವಳಿಗೆ ಇನ್ನೂ ಬಂದಿರಲಿಲ್ಲ.

ಸಂಜೆ ದೇಹ ಹೊತ್ತು ತಂದವರು ರಸ್ತೆಗಿಳಿಯದೆ ಕಾಲುದಾರಿಯ ಮೇಲೆಯೇ ನಡೆದು ಬಂದರು. ನಿಂತವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಅಕ್ಕ ತಮ್ಮನ ತಣ್ಣಗಾದ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

“ದೇವರೇ, ಇವನು ಯಾರ ಕಾಲಿಗೂ ಅಡ್ಡ ಬಂದವನಲ್ಲ. ನಿನ್ನ ಪಾದದ ಹತ್ತಿರ ಇವನಿಗೆ ಒಂದಿಷ್ಟು ಜಾಗ ಕೊಡು. ತುಂಬ ದಣಿದಿದ್ದಾನೆ, ನೆಮ್ಮದಿಯಾಗಿ ಮಲಗಲಿ. ಇವನ ಆತ್ಮಕ್ಕೆ ಶಾಂತಿ ಕೊಡು, ತಂದೆ.”