ಮಡಿವಾಳೆಪ್ಪ ನೋಡಿದ ಹಲ್ಲು

೧
ಎಲ್ಲಿಂದ ಶುರು ಮಾಡಲಿ? ಆರೂವರೆ ಕೋಟಿ ವರ್ಷಗಳ ಹಿಂದಿನಿಂದ ಎಂದರೆ, ಕತೆ ನೇಸರಗಿ ಮುಟ್ಟುವಷ್ಟರಲ್ಲಿ ನಿಮಗೆ ನಿದ್ದೆ ಹತ್ತಿರುತ್ತದೆ. ಮೊದಲ ಡ್ರಾಫ್ಟಿನಲ್ಲಿ ಡೈನೋಸಾರ್ ಗರ್ಜಿಸುತ್ತ ಬಂದಿತ್ತು. ಹರಿದು ಹಾಕಿದೆ. (ಅದು ಗರ್ಜಿಸುತ್ತಿತ್ತೋ ಇಲ್ಲವೋ, ಕಂಡವರಾರು?)

೨
ಬಾವಿಯಿಂದಲೇ ಶುರು ಮಾಡುತ್ತೇನೆ. ನೇಸರಗಿಯ ಮಡಿವಾಳೆಪ್ಪನ ಹೊಲದಲ್ಲಿ ಬಾವಿ ತೋಡುವಾಗ ಕಲ್ಲಾಗಿ ಹೋದ ಕಾಲೆಲುಬು, ದವಡೆಯ ತುಂಡು ಸಿಕ್ಕವು. ದವಡೆಯಲ್ಲಿ ಒಂದೇ ಹಲ್ಲು. ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವ ಸವದತ್ತಿಯ ಶ್ರದ್ಧಾ ಬಂದು ನೋಡಿ, ಮೊಸಳೆ ಇರಬಹುದು ಎಂದಳು.

ಮಡಿವಾಳೆಪ್ಪ ನಲವತ್ತು ವರ್ಷ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳಿದವನು. ಒಮ್ಮೆಯೂ ತಪ್ಪಿದ್ದಿಲ್ಲ. ಬೈಲಹೊಂಗಲದಿಂದ ರಾಮದುರ್ಗದ ತನಕ ಅವನ ಮಾತೇ ಕೊನೆಯ ಮಾತು. ಅವನು ಹಲ್ಲಿನ ಅಂಚಿಗೆ ಹೆಬ್ಬೆರಳು ಎಳೆದ.

"ಹೊಸಾ ಹಲ್ಲ ಐತಿ, ಒಂಚೂರೂ ಸವದಿಲ್ಲ. ಎರಡೂ ಕಡೆ ಕುಡಗೋಲಿನಂಗ ಕಕ್ಕ ಅದಾವ, ಮಾಂಸ ಹರಕೊಂಡ ತಿನ್ನೂದು. ವಯಸ್ಸಂದ್ರ, ಎರಡ ಹಲ್ಲಿನ ಹೋರಿ ಇದ್ದಂಗ, ಮೂರ ವರ್ಷದ್ದು, ಸಣ್ಣದು. ತಪ್ಪಿದ್ರ ಸಂತ್ಯಾಗ ಇನ್ನ ಯಾವ ಎತ್ತಿನ ಬಾಯೀನೂ ಮುಟ್ಟೂದಿಲ್ಲ."

೩
ಶ್ರದ್ಧಾ ಮಸೂರ ಹಿಡಿದಳು. ಕಕ್ಕು ನಿಜ, ಅಂಚಿನುದ್ದಕ್ಕೂ ಗರಗಸದಂಥ ಸಣ್ಣ ಮೊನೆಗಳು. ಹಲ್ಲು ಚಪ್ಪಟೆ, ಮೊಸಳೆಯದಲ್ಲ. ಮಾಂಸ ತಿನ್ನುವ ಡೈನೋಸಾರ್! ಗೊತ್ತಿದ್ದ ಯಾವ ಜಾತಿಯೊಂದಿಗೂ ತಾಳೆಯಾಗಲಿಲ್ಲ. ಹೊಸ ಜಾತಿ ಎಂದೇ ಬರೆದಳು. ಹಲ್ಲು ಸವೆದಿದ್ದರೆ ಈ ಗುರುತೇ ಉಳಿಯುತ್ತಿರಲಿಲ್ಲ. (ಇಲ್ಲಿ ನನ್ನ ಎದೆ ಉಬ್ಬಿತು. ಬಾವಿ ತೋಡಿದವನು ನಾನಲ್ಲ, ಆದರೂ ನಮ್ಮ ಕಡೆಯ ಹಲ್ಲು ನೋಡಿ.)

ಆಮೇಲೆ ಕಾಲೆಲುಬು ಕೊಯ್ದು ವರ್ಷಕ್ಕೊಂದರಂತೆ ಮೂಡುವ ಬೆಳವಣಿಗೆಯ ಉಂಗುರ ಎಣಿಸಿದಳು. ಇಪ್ಪತ್ತಾರು. ಮುದಿ ಪ್ರಾಣಿ. ಈ ಜಾತಿಯವಕ್ಕೆ ಸಾಯುವ ತನಕ ಹೊಸ ಹಲ್ಲು ಬರುತ್ತಲೇ ಇರುತ್ತವಂತೆ. ಮಡಿವಾಳೆಪ್ಪ ಹಲ್ಲನ್ನು ಸರಿಯಾಗಿಯೇ ಓದಿದ್ದ, ವಯಸ್ಸಿನಲ್ಲಿ ತಪ್ಪಿದ್ದ.

೪
ಅವನ ಮಾನ ಉಳಿಯಲೆಂದು ನಾನು ಇಪ್ಪತ್ತಾರನ್ನು ಹೊಡೆದು ಮೂರು ಮಾಡಿದೆ. ನನ್ನದೇ ಕತೆ, ಕೇಳುವವರು ಯಾರು? ಮಡಿವಾಳೆಪ್ಪ ಕೇಳಿದ.

"ಪೆನ್ನ ನಿಮ್ಮ ಕೈಯಾಗ ಐತಿ ಅಂತ ಸುಳ್ಳ ಬರೀಬ್ಯಾಡ್ರಿ. ನಾ ತಪ್ಪಿದ್ದು ಖರೇ. ಖರೇನ ಬರೀರಿ."

ಮತ್ತೆ ಇಪ್ಪತ್ತಾರು ಮಾಡಿದೆ. ಇಂಥವನನ್ನು ನಾನು ಹುಟ್ಟಿಸಿದೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

೫
ಅಂತ್ಯ ಒಂದು: ಪ್ರಾಣಿಗೆ ಅವನ ಹೆಸರು, ಹಾರ, ಫೋಟೋ. ಅವನು ಒಪ್ಪಲಿಲ್ಲ, ಊರಿನ ಹೆಸರಿಡಿ ಎಂದ. ಹಾಗೇ ಇಟ್ಟರು.

ಅಂತ್ಯ ಎರಡು: ಸಂತೆಯ ದಿನ ಅವನು ಮನೆಯಲ್ಲೇ ಕೂತಿರುತ್ತಾನೆ. ಬರೆದೆ, ನನಗೇ ತಡೆಯಲಾಗದೆ ಹರಿದೆ.

ಮೂರನೆಯದರಲ್ಲಿ ಅವನು ಸಂತೆಗೆ ಬಂದಿದ್ದಾನೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಎಲ್ಲರಿಗೂ ಸುದ್ದಿ ಗೊತ್ತು. ಮುನವಳ್ಳಿಯ ಲಗಮಪ್ಪ, ಎತ್ತು ಕೊಳ್ಳಲು ಬಂದವನು, ತನಗೆ ಹಿಡಿಸಿದ ಎತ್ತನ್ನು ಮಡಿವಾಳೆಪ್ಪನ ಮುಂದೆಯೇ ತಂದು ನಿಲ್ಲಿಸಿದ. ಮಡಿವಾಳೆಪ್ಪ ಕೈ ತೆಗೆಯಲಿಲ್ಲ; ಕೊಟ್ಟ ಮಾತು ಕೊಟ್ಟ ಮಾತೇ.

"ಮುಟ್ಟಬ್ಯಾಡ್ರಿ ಕಾಕಾ," ಎಂದ ಲಗಮಪ್ಪ. "ಬಾಯಿ ನಾ ಬಿಡಸ್ತೇನಿ. ನೀವ ನೋಡ್ರಿ."

ಮಡಿವಾಳೆಪ್ಪ ಬಗ್ಗಿದ. ಎಷ್ಟು ವಯಸ್ಸು ಹೇಳಿದ ಎಂದು ನನ್ನನ್ನು ಕೇಳಬೇಡಿ, ನಾನು ಬರೆಯುವುದಿಲ್ಲ. ಲಗಮಪ್ಪ ಬಾಯಿ ಬಿಡಿಸಿ ಹಿಡಿದೇ ಇದ್ದಾನೆ.