ಒಡೆಯದ ಸೋಡಾ

"ಕುಡಿಯೂದಿಲ್ಲ ಅಂದ್ರ ಇಲ್ಲ. ಎಷ್ಟ ಸಲ ಹೇಳ್ಬೇಕೋ ನಿನಗ?" ಎಂದು ನಾನು ಬಾಟಲಿಯನ್ನು ಅತ್ತ ದೂಡಿದೆ.

"ಹಂಗಾರ ನೀ ಹೇಳಿದ ದರದಾಗ ಏನೋ ಐತಿ" ಎಂದ ಲಕ್ಕಪ್ಪ.

ಗಬ್ಬೂರಿನ ಲಕ್ಕಪ್ಪನ ಹತ್ತಿ ಹದಿನೆಂಟು ವರ್ಷಗಳಿಂದ ದುರ್ಗದಬೈಲಿನ ನನ್ನ ದಲಾಲಿ ಅಂಗಡಿಗೇ ಬರುತ್ತಿತ್ತು. ದರ ಕುದುರಿದ ಮೇಲೆ ಶಾಬುದ್ದೀನನ ಗಾಡಿಯಿಂದ ಎರಡು ಸಿಹಿ ಕೆಂಪು ಸೋಡಾ ತರಿಸಿ, ದಲಾಲನೂ ರೈತನೂ ಒಟ್ಟಿಗೆ ಗೋಲಿ ಒಡೆದು ಕುಡಿಯುವುದು ನಮ್ಮ ಪೇಟೆಯ ಪದ್ಧತಿ. ದಲಾಲ ಕುಡಿಯಲಿಲ್ಲವೆಂದರೆ ಅವನ ಮನಸ್ಸಿನಲ್ಲಿ ಕಪಟವಿದೆ ಎಂದೇ ಅರ್ಥ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಸೋಡಾ ನನ್ನ ಹೊಟ್ಟೆಗೆ ಇಳಿಯುತ್ತಿದ್ದವು. ಆ ದಿನ ನಾನು ಒಂದೇ ತರಿಸಿದ್ದೆ. ಎರಡನೆಯದನ್ನು ಲಕ್ಕಪ್ಪನೇ ಕೂಗಿ ತರಿಸಿದ್ದ.

ನನ್ನ ಕಾಲಿನ ಹೆಬ್ಬೆರಳಿನ ಗಾಯ ಮೂರು ತಿಂಗಳಾದರೂ ಮಾಯ್ದಿರಲಿಲ್ಲ. ಧಾರವಾಡದ ಡಾಕ್ಟರು ಸಕ್ಕರೆ ರೋಗವೆಂದು ಹೇಳಿ, ಸಿಹಿ ಬಿಡದಿದ್ದರೆ ಕಾಲು ತೆಗೆಯಬೇಕಾದೀತೆಂದು ಹೆದರಿಸಿದ್ದರು. ದಿನಾ ಒಂದು ಸೂಜಿ ಬರೆದುಕೊಟ್ಟಿದ್ದರು. ಸೋಡಾ ಬಿಟ್ಟರೆ ಆ ರೊಕ್ಕ ಸೂಜಿಗೆ ಆಗುತ್ತದೆಂದು ನನ್ನ ಹೆಂಡತಿ ಶಿವಬಸವ್ವ ಲೆಕ್ಕ ಹೇಳಿದ್ದಳು. ಅವಳ ಮಾತು ಸರಿಯಾಗಿಯೇ ಇತ್ತು.

ಆದರೆ ರೋಗದ ಮಾತನ್ನು ಪೇಟೆಯಲ್ಲಿ ಆಡುವಂತಿರಲಿಲ್ಲ. ಹತ್ತಿ ಹಾಕಿದವರಿಗೆ ರೊಕ್ಕ ಕೈಸೇರುವುದಕ್ಕೆ ಹದಿನೈದು ದಿನ ಬೇಕು. ದಲಾಲನೇ ಹಾಸಿಗೆ ಹಿಡಿಯುತ್ತಾನೆಂದರೆ ಅವನಿಗೆ ಯಾರು ಹತ್ತಿ ಹಾಕುತ್ತಾರೆ? ಬೈರಿದೇವರಕೊಪ್ಪದ ಇಬ್ಬರು ರೈತರು ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕೂತು ನಮ್ಮ ಜಗಳ ಕೇಳುತ್ತಿದ್ದರು. ಹೀಗಾಗಿ, ಖರ್ಚು ಕಡಿಮೆ ಮಾಡುತ್ತಿದ್ದೇನೆ ಎಂದುಬಿಟ್ಟೆ.

ಲಕ್ಕಪ್ಪ ಬಾಟಲಿಯನ್ನು ಮತ್ತೆ ನನ್ನ ಕಡೆಗೆ ಸರಿಸಿದ.

"ನನ್ನ ಮಗಳ ಮದುವ್ಯಾಗ ನೀ ನಡಾ ಕಟ್ಟಿ ನಿಂತು ಬಡಿಸಿದಿ, ಸಿದ್ದಪ್ಪ. ಇವತ್ತ ನನ್ನ ಜೋಡಿ ಒಂದ ಸೋಡಾ ಕುಡಿಯೂದು ನಿನಗ ಭಾರ ಆತು?"

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. "ಹೂಂ, ಭಾರ ಆತು. ಏನ ಮಾಡ್ತಿ?" ಎಂದೆ.

ಅವನು ಅಂಗಿಯ ಕಿಸೆಯಿಂದ ಎರಡೂ ಸೋಡಾದ ನಯಾ ಪೈಸೆ ತೆಗೆದು ಹಲಗೆಯ ಮೇಲಿಟ್ಟ. ಆಳುಗಳನ್ನು ಕರೆದು ಅಂಡಿಗೆಗಳನ್ನು ಮತ್ತೆ ಗಾಡಿಗೆ ಹೇರಿಸಿದ. ಅದಕ್ಕೆ ಅರ್ಧ ಗಂಟೆಯಾದರೂ ಹಿಡಿಯಿತು. ಅಷ್ಟು ಹೊತ್ತೂ ನಾನು ಗಾದಿಯ ಮೇಲೆ, ಬಟ್ಟೆ ಸುತ್ತಿದ ಕಾಲನ್ನು ಧೋತರದ ಕೆಳಗೆ ಮುಚ್ಚಿಕೊಂಡು ಕೂತೇ ಇದ್ದೆ. ಹೊರಗೆ ಕರೆದೊಯ್ದು ಅವನೊಬ್ಬನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಎದ್ದರೆ ಕುಂಟಬೇಕು. ಆ ಇಬ್ಬರೂ ನೋಡುತ್ತಿದ್ದರು.

ಗಾಡಿ ಓಣಿಯ ತಿರುವಿನಲ್ಲಿ ಮರೆಯಾಯಿತು. ಶಾಬುದ್ದೀನ ಬಂದು, ಗೋಲಿ ಹಾಗೇ ಇದ್ದ ಎರಡೂ ಬಾಟಲಿಗಳನ್ನು ನೋಡಿ, ಹಲಗೆಯ ಮೇಲಿನ ಪೈಸೆ ಮುಟ್ಟದೆ ಬಾಟಲಿಗಳನ್ನಷ್ಟೇ ಎತ್ತಿಕೊಂಡು ಹೋದ.

ನನ್ನ ಕಾಲು ಉಳಿಯಿತು. ಲಕ್ಕಪ್ಪ ಮುಂದಿನ ಸುಗ್ಗಿಗೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.