ಕಿತ್ತಳೆ ರಸ ಕುಡಿದ ಬೆಳಿಗ್ಗೆ

ಹಮೀದಾಳಿಗೆ ಡಬಲ್ ರೊಟ್ಟಿಯ ಹುಚ್ಚು ಹಿಡಿದದ್ದು ತವರಿನಲ್ಲಿ. ಚಾಮರಾಜನಗರದ ಒಂದು ಬೇಕರಿಯಲ್ಲಿ ಅವಳ ಅಪ್ಪ ಹಿಟ್ಟು ನಾದುವ ಕೆಲಸಕ್ಕಿದ್ದ. ಗುಂಡ್ಲುಪೇಟೆಗೆ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿದ್ದರೂ ಆ ಬಿಸಿ ರೊಟ್ಟಿಯ ವಾಸನೆ ಅವಳ ಮೂಗು ಬಿಟ್ಟಿರಲಿಲ್ಲ. ಬೇಕರಿಯಲ್ಲಿ ಹಿಟ್ಟು ಉಬ್ಬಲೆಂದು ಹೆಂಡ ಹಾಕುತ್ತಿದ್ದರು. ಅತ್ತೆ ಬೀಬಿಜಾನ್ ಐದು ಹೊತ್ತಿನ ನಮಾಜು ತಪ್ಪಿಸದ ಹೆಂಗಸು. ಆ ಮನೆಯಲ್ಲಿ ಹೆಂಡದ ಹೆಸರೆತ್ತುವಂತಿರಲಿಲ್ಲ.

ಹಮೀದಾ ಮೊಸರು ಹಾಕಿ ನೋಡಿದಳು. ಹಿಟ್ಟು ಹುಳಿಯಾಯಿತೇ ಹೊರತು ಉಬ್ಬಲಿಲ್ಲ. ಇಡ್ಲಿ ಹಿಟ್ಟು ಬೆರೆಸಿದಳು. ಬೆಂದದ್ದನ್ನು ಮುರಿಯಲು ಒನಕೆಯೇ ಬೇಕೆಂದು ಅತ್ತೆ ನಕ್ಕಳು. ಕೊನೆಗೆ ಒಣದ್ರಾಕ್ಷಿ ನೆನೆಸಿಟ್ಟ ನೀರು ನಾಲ್ಕನೆಯ ದಿನ ಜಾಡಿಯಲ್ಲಿ ಗುಳ್ಳೆ ಎದ್ದು ಸುಂಯ್ ಎಂದಿತು. ಅದರಲ್ಲಿ ಕಲಸಿದ ಹಿಟ್ಟು ಮಗುವಿನ ಕೆನ್ನೆಯಂತೆ ಉಬ್ಬಿತು. ಸುಡುವುದಕ್ಕೇನೂ ತೊಂದರೆಯಿರಲಿಲ್ಲ. ಗಂಡ ಲಿಯಾಕತ್ ಅಲಿ ಕಲಾಯಿಗಾರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವವನು. ಮನೆಯಲ್ಲಿ ಇದ್ದಿಲು ಮೂಟೆಗಟ್ಟಲೆ ಇರುತ್ತಿತ್ತು. ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಹಿಟ್ಟಿಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿದರೆ ರೊಟ್ಟಿ ಬೇಯುತ್ತಿತ್ತು.

ಅದು ಐವತ್ನಾಲ್ಕರ ಚಳಿಗಾಲ. ವಯನಾಡಿನಿಂದ ಬಂದ ಲಾರಿಯವರು ಸಂತೆಯಲ್ಲಿ ಕಿತ್ತಳೆ ಸುರಿದಿದ್ದರು. ಹಮೀದಾ ಸಂಜೆಯೇ ಇಪ್ಪತ್ತು ಹಣ್ಣು ಹಿಂಡಿ, ಕೈಗೆ ಸಿಕ್ಕ ಹಿತ್ತಾಳೆ ಡಬರಿಗೆ ರಸ ಸೋಸಿ, ಬಟ್ಟೆ ಮುಚ್ಚಿಟ್ಟಳು. ಗಂಡ ಕೆಲಸಕ್ಕೆಂದು ಹರವೆಗೆ ಹೋಗಿ ಎರಡು ದಿನವಾಗಿತ್ತು.

ಬೆಳಿಗ್ಗೆ ರೊಟ್ಟಿ ಬೇಯುತ್ತಿದ್ದ ಹಾಗೆ ಹಿತ್ತಲಿನ ಗೋಡೆಯಾಚೆಯಿಂದ ಪಕ್ಕದ ಮನೆಯ ಸುಂದ್ರಮ್ಮ ಕರೆದಳು. ಅವಳನ್ನು ಪುಣಜನೂರಿಗೆ ಕೊಟ್ಟಿತ್ತು. ಈಗ ಏಳು ತಿಂಗಳ ಬಸುರಿ, ಹೆರಿಗೆಗೆಂದು ತಾಯಿ ಮಲ್ಲಿಗಮ್ಮನ ಮನೆಗೆ ಬಂದಿದ್ದಳು. ಹಿಂದಿನ ಬಸಿರು ಐದು ತಿಂಗಳಿಗೇ ಕಳೆದುಹೋಗಿತ್ತು.

"ಹಮೀದಕ್ಕ, ಏನ್ ಸುಡ್ತಿದ್ದೀಯ? ವಾಸ್ನೆಗೆ ಬಾಯಲ್ಲಿ ನೀರೂರ್ತದೆ. ಒಂಚೂರು ಕೊಡಕ್ಕ. ಅವ್ವಂಗೆ ಗೊತ್ತಾಗ್ಬಾರ್ದು."

ಸಾಬರ ಮನೆಯಲ್ಲಿ ತಿಂದಳೆಂದರೆ ಮಲ್ಲಿಗಮ್ಮ ಸುಮ್ಮನಿರುವವಳಲ್ಲ ಎಂದು ಹಮೀದಾಳಿಗೂ ಗೊತ್ತಿತ್ತು. ಆದರೆ ಬಸುರಿಯ ಬಯಕೆ. ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಹಿತ್ತಲಿನಲ್ಲೇ ಕೂರಿಸಿ, ಎರಡು ತುಂಡು ರೊಟ್ಟಿ ಕೊಟ್ಟು, ಒಂದು ಲೋಟ ರಸ ಕೊಟ್ಟಳು. ಅವಳು ಗಟಗಟ ಕುಡಿದು ಲೋಟ ಚಾಚಿದಾಗ ಹಮೀದಾ ತನ್ನ ಪಾಲಿನದನ್ನೂ ಬಗ್ಗಿಸಿದಳು. ಬೀಬಿಜಾನ್ ಒಳಗೆ ಕೂತು ಅರ್ಧ ಲೋಟ ಕುಡಿದು, "ಒಗರಾಗಿದೆ" ಎಂದು ಉಳಿದದ್ದನ್ನು ಚೆಲ್ಲಿದಳು. ಹಮೀದಾ ರೊಟ್ಟಿಯನ್ನಷ್ಟೇ ತಿಂದಳು.

ಅರ್ಧ ಗಂಟೆ ಕಳೆದಿರಬೇಕು. ಬೀಬಿಜಾನ್ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ಹಿಂದೆಯೇ ಹೋದ ಹಮೀದಾ ಬಚ್ಚಲ ಕಲ್ಲಿನ ಮೇಲೆ ಬಿದ್ದ ವಾಂತಿಯನ್ನು ನೋಡಿ ನಿಂತುಬಿಟ್ಟಳು. ಅದು ಹಸಿರಾಗಿತ್ತು.

ರೊಟ್ಟಿ ಕೆಟ್ಟಿತ್ತೆ? ದ್ರಾಕ್ಷಿ ನೀರು ಕೊಳೆತಿತ್ತೆ? ಆದರೆ ರೊಟ್ಟಿ ತಾನೂ ತಿಂದಿದ್ದಳು, ತನಗೇನೂ ಆಗಿರಲಿಲ್ಲ. ತಾನು ಕುಡಿಯದೆ ಇದ್ದದ್ದು ರಸ ಮಾತ್ರ. ಅಡಿಗೆಮನೆಗೆ ಓಡಿ ಡಬರಿಯನ್ನು ಬೆಳಕಿಗೆ ಹಿಡಿದಳು. ಒಳಗೆ ತವರ ಪೂರ್ತಿ ಸವೆದು ಹಳದಿ ಹಿತ್ತಾಳೆ ಬೆತ್ತಲಾಗಿತ್ತು. ರಸ ನಿಂತಿದ್ದ ಮಟ್ಟಕ್ಕೆ ಸುತ್ತಲೂ ಹಸಿರು ಗೆರೆ ಬಿದ್ದಿತ್ತು. ಹುಳಿ ಇಟ್ಟರೆ ಹಿತ್ತಾಳೆ ವಿಷ ಬಿಡುತ್ತದೆಂದು ಗಂಡ ಊರೂರಲ್ಲಿ ಹೆಂಗಸರಿಗೆ ಹೇಳುತ್ತಿದ್ದ. ಅತ್ತೆ ಕುಡಿದದ್ದು ಅರ್ಧ ಲೋಟ. ಸುಂದ್ರಮ್ಮ ಕುಡಿದದ್ದು ಎರಡು.

"ಎಲ್ಲಿಗೆ ಹೊರಟೆ?" ಬೀಬಿಜಾನ್ ಗೋಡೆಗೊರಗಿ ಕೇಳಿದಳು.

"ಸುಂದ್ರಮ್ಮನ ಮನೆಗೆ. ಹೇಳಬೇಕು ಅಮ್ಮಾ."

"ಹುಚ್ಚಿ! ವಿಷ ಹಾಕಿದಳು ಅಂತಾರೆ. ಮನೇಲಿ ಗಂಡಸರಿಲ್ಲ. ಆ ಹುಡುಗಿ ವಾಂತಿ ಮಾಡ್ಕೊಂಡು ಸರಿಹೋಗ್ತಾಳೆ. ಸುಮ್ಮನಿರು."

ಹಮೀದಾ ಹೊಸಿಲ ಬಳಿ ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸುಂದ್ರಮ್ಮ ತಾನಾಗಿ ಬಾಯಿ ಬಿಡುವುದಿಲ್ಲ. ಮಗು ಹೋದರೂ ಹಿಂದಿನ ಸಲದಂತೆ ಹೋಯಿತು ಎಂದುಕೊಳ್ಳುತ್ತಾರೆ. ತನ್ನ ತಲೆಯೊಳಗೆ ಹೊಕ್ಕ ಈ ಯೋಚನೆಗೇ ಅವಳು ಹೆಚ್ಚು ಹೆದರಿದಳು. ಅತ್ತೆಯ ಪಕ್ಕದಲ್ಲಿ ಹಾಲಿನ ಚೊಂಬಿಟ್ಟು, ಬುರ್ಖಾ ಎಳೆದುಕೊಂಡು, ಡಬರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದಳು.

ಸುಂದ್ರಮ್ಮ ಜಗಲಿಯ ಮೇಲೆ ಬಾಗಿ ಕಾರುತ್ತಿದ್ದಳು. ಮಲ್ಲಿಗಮ್ಮ ಬೆನ್ನು ನೀವುತ್ತ, "ಬಸ್ರೀಲಿ ಇದೆಲ್ಲ ಇದ್ದದ್ದೇ ಕಣಮ್ಮಿ" ಎನ್ನುತ್ತಿದ್ದಳು.

"ಬಸುರಿ ವಾಂತಿ ಅಲ್ಲ ಮಲ್ಲಿಗಮ್ಮಾರೇ." ಹಮೀದಾ ಒಂದೇ ಉಸಿರಿಗೆ ಹೇಳಿದಳು. "ನಾನು ಕಿತ್ತಳೆ ರಸ ಕೊಟ್ಟೆ. ಕಲಾಯಿ ಹೋದ ಪಾತ್ರೇಲಿ ಇಟ್ಟಿದ್ದೆ. ನನಗೆ ಗೊತ್ತಾಗಲಿಲ್ಲ. ಆಸ್ಪತ್ರೆಗೆ ಹೋಗ್ಬೇಕು, ಈಗಲೇ."

ಮಲ್ಲಿಗಮ್ಮ ಡಬರಿಯನ್ನು ನೋಡಿದಳು, ಮಗಳನ್ನು ನೋಡಿದಳು. "ಏನ್ ಮಾಡ್ಬುಟ್ಟೆ! ನನ್ ಮಗೀಗೆ ಏನ್ ಮಾಡ್ಬುಟ್ಟೆ ನೀನು!" ಎಂದು ಹಮೀದಾಳ ತೋಳು ಹಿಡಿದು ಜಗ್ಗಿದಳು. ಸುಂದ್ರಮ್ಮ ತೊದಲಿದಳು: "ನಾನೇ ಕೇಳ್ದೆ ಕಣವ್ವ... ಅಕ್ಕನ್ನ ಬುಡು."

ಊರಿನ ದವಾಖಾನೆಯಲ್ಲಿ ಕಾಂಪೌಂಡರ್ ಒಬ್ಬನೇ ಇದ್ದ. ಡಾಕ್ಟರು ಹಳ್ಳಿಗಳ ಕಡೆ ಹೋಗಿದ್ದರು. ಏಳು ತಿಂಗಳು ಎಂದ ಕೂಡಲೇ ಅವನು ತನ್ನಿಂದಾಗದೆಂದು ಕೈಯಾಡಿಸಿಬಿಟ್ಟ. "ಚಾಮರಾಜನಗರದ ಬಸ್ಸು ಹೊರಡೋ ಹೊತ್ತು. ಓಡಿ."

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ಸುಂದ್ರಮ್ಮನ ತಲೆ ತಾಯಿಯ ಹೆಗಲ ಮೇಲಿತ್ತು. ಕೈ ತಣ್ಣಗೆ ಬೆವರಿತ್ತು. ತೆರಕಣಾಂಬಿಯಲ್ಲಿ ಬಸ್ಸು ನಿಂತು ಜನ ಹತ್ತಿದರು, ಮೂಟೆ ಹತ್ತಿದವು, ಕಂಡಕ್ಟರ್ ಯಾರೊಂದಿಗೋ ಮಾತಿಗೆ ನಿಂತ. ಹಮೀದಾಳಿಗೆ ಕಿರುಚಬೇಕೆನ್ನಿಸಿತು. ಹಳ್ಳಕ್ಕೆ ಚಕ್ರ ಇಳಿದಾಗಲೆಲ್ಲ ಸುಂದ್ರಮ್ಮನ ಹೊಟ್ಟೆಯ ಕಡೆ ನೋಡುವಳು. ಅದು ಅಲುಗಿತೋ ಬಸ್ಸೇ ಅಲುಗಿತೋ ತಿಳಿಯುತ್ತಿರಲಿಲ್ಲ.

"ಮಗ ಒದೀತಾ ಇಲ್ಲ ಕಣವ್ವ," ಎಂದಳು ಸುಂದ್ರಮ್ಮ.

ಮಲ್ಲಿಗಮ್ಮ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಆಮೇಲೆ ಹಮೀದಾಳ ಕಡೆ ತಿರುಗದೆಯೇ, "ಇವಳ್ಗೇನಾರ ಆದ್ರೆ ನಿನ್ನ ಸುಮ್ನೆ ಬುಡಾಕಿಲ್ಲ" ಎಂದಳು. ಹಮೀದಾಳಿಗೆ ಇಷ್ಟು ಹೊತ್ತಿಗೆ ಮನೆಯಲ್ಲಿ ಅತ್ತೆ ಒಬ್ಬಳೇ ಬಿದ್ದಿರಬಹುದು ಎಂಬ ಯೋಚನೆಯೂ ಬಂತು. ಬಾಯಿಪಾಠವಾಗಿದ್ದ ದುವಾಗಳೆಲ್ಲ ಮರೆತುಹೋಗಿ ಅಲ್ಲಾ ಅಲ್ಲಾ ಎಂಬುದೊಂದೇ ಬಾಯಲ್ಲಿ ಉಳಿಯಿತು.

ಆಸ್ಪತ್ರೆಯ ಡಾಕ್ಟರು ಗಂಗಾಧರಸ್ವಾಮಿ ವಯಸ್ಸಾದವರು. "ಏನು ತಿಂದಳು?" ಎಂದು ಕೇಳಿದರು. ಹಮೀದಾ ಡಬರಿಯನ್ನು ಅವರ ಮೇಜಿನ ಮೇಲಿಟ್ಟು, ಇದರಲ್ಲಿದ್ದ ಕಿತ್ತಳೆ ರಸವನ್ನು ಇವಳೂ ಅತ್ತೆಯೂ ಕುಡಿದರೆಂದು ಹೇಳಿದಳು. ಅವರು ಹಸಿರು ಗೆರೆಯನ್ನು ಬೆರಳಲ್ಲಿ ಸವರಿ ನೋಡಿ, ನರ್ಸನ್ನು ಕೂಗಿ, ಕೋಳಿಮೊಟ್ಟೆಯ ಬಿಳಿಯನ್ನು ಹಾಲಲ್ಲಿ ಕದಡಿ ತರಿಸಿದರು. ಕುಡಿಸಿದರು, ವಾಂತಿ ಮಾಡಿಸಿದರು, ಮತ್ತೆ ಕುಡಿಸಿದರು. ಹಮೀದಾಳನ್ನು ಹೊರಗೆ ಕಳಿಸಿದರು.

ಅವಳು ವರಾಂಡದ ನೆಲದ ಮೇಲೆ ಕೂತಳು. ಒಳಗೆ ನರಳಾಟ ಕೇಳುತ್ತಿದ್ದಾಗ ಹೆದರಿಕೆಯಾಯಿತು. ಅದು ನಿಂತಾಗ ಇನ್ನೂ ಹೆದರಿಕೆಯಾಯಿತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಡಾಕ್ಟರು ಕಿವಿಗಿಟ್ಟು ಕೇಳುವ ಮರದ ಕೊಳವೆಯನ್ನು ಒರೆಸುತ್ತ ನಿಂತಿದ್ದರು.

"ಮಗುವಿನ ಗುಂಡಿಗೆ ಚೆನ್ನಾಗಿ ಹೊಡ್ಕೋತಾ ಇದೆ. ತಾಯಿ ಎರಡು ದಿನ ಇಲ್ಲೇ ಇರಲಿ. ನಿಮ್ಮತ್ತೆಗೂ ಹಾಲು ಕುಡಿಸಿ, ಸಾಕು. ವಾಂತಿಯಾದದ್ದೇ ಒಳ್ಳೇದಾಯ್ತು."

ಹಿಂದೆ ಬಂದ ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಏನೋ ಬೈಯಲು ಬಾಯಿ ತೆರೆದವಳು, "ನೀನು ಬಂದು ಏಳ್ದೆ ಓಗಿದ್ರೆ ನಾನು ಜೀರಿಗೆ ಕಷಾಯ ಕೊಟ್ಟು ಮಲಗಿಸ್ಬುಡ್ತಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಹಮೀದಾ ಸಂಜೆ ಬಸ್ಸಿಗೆ ಡಬರಿ ಹಿಡಿದುಕೊಂಡು ಊರಿಗೆ ಬಂದಳು. ಬೀಬಿಜಾನ್ ಚೇತರಿಸಿಕೊಂಡು ಕೂತಿದ್ದಳು. ಹರವೆಯಿಂದ ಬಂದಿದ್ದ ಲಿಯಾಕತ್ ಎಲ್ಲವನ್ನೂ ಕೇಳಿದ. ಡಬರಿಯನ್ನು ಮಡಿಲಲ್ಲಿಟ್ಟುಕೊಂಡು ಅದರೊಳಗೆ ಬೆರಳಾಡಿಸಿದ. "ತಪ್ಪು ನಿಂದಲ್ಲ. ಮನೆಯ ಪಾತ್ರೆ ನಾನೇ ನೋಡಬೇಕಿತ್ತು," ಎಂದ.

ಎರಡು ತಿಂಗಳ ಮೇಲೆ ಸುಂದ್ರಮ್ಮನಿಗೆ ಹೆಣ್ಣು ಮಗುವಾಯಿತು. ಹಮೀದಾ ಹತ್ತು ದಿನ ಆ ಕಡೆ ಹೋಗಲಿಲ್ಲ. ಹನ್ನೊಂದನೆಯ ದಿನ ಮಲ್ಲಿಗಮ್ಮನೇ ಬಾಗಿಲಲ್ಲಿ ನಿಂತು ಕರೆದಳು. ಒಳಗೆ ಹೋದವಳ ಮುಂದೆ ಮಗುವನ್ನು ಚಾಚಿ, "ಎತ್ಕೊ. ಏನೂ ತಿನ್ಸೋಕೆ ಮಾತ್ರ ಓಗ್ಬ್ಯಾಡ ಕಣಮ್ಮಿ," ಎಂದಳು. ಸುಂದ್ರಮ್ಮ ಮಲಗಿದಲ್ಲೇ ನಕ್ಕಳು. ಹಮೀದಾಳಿಗೆ ನಗು ಬರಲಿಲ್ಲ. ಅವಳು ಮೊದಲು ನೆಲದ ಮೇಲೆ ಗಟ್ಟಿಯಾಗಿ ಕೂತು, ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡಳು.